ಹೊತ್ತು ಮುಳುಗುವ ಮುಂಚಿನ ರಿಂಗು

ಫೋನು ಇರುವುದು ಮಾತಾಡುವುದಕ್ಕೆ ಎಂದು ತಿಳಿದವರು ಪರದೇಶದಲ್ಲಿ ದುಡಿಯುವವನ ಮನೆಯನ್ನು ನೋಡಿಲ್ಲವೆಂದೇ ಹೇಳಬೇಕು. ಉಗಾರ ಬುದ್ರುಕದ ಆಬಾಸಾಹೇಬರ ಮನೆಯಲ್ಲಿ ಫೋನು ಇದ್ದದ್ದು ಎತ್ತದೆ ಇರುವುದಕ್ಕೆ. ದಿನಾ ಸಂಜೆ ಅದು ಒಂದು ಸಲ ರಿಂಗಾಗುತ್ತಿತ್ತು. ಸೊಸೆ ತ್ರಿಶಲಾ ಎಲ್ಲಿದ್ದರೂ, ಕೈಯಲ್ಲಿ ಏನಿದ್ದರೂ ಬಿಟ್ಟು ಓಡಿ ಬಂದು ಫೋನನ್ನು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ಪರದೆಯ ಮೇಲೆ ಶಾರ್ಜಾದ ನಂಬರು, ಗಂಡ ಶ್ರೇಣಿಕನ ಮದುವೆ ಕಾಲದ ಫೋಟೋ. ಅದು ತಾನಾಗಿ ನಿಂತ ಮೇಲೆ ಅವಳು ಅದೇ ನಂಬರಿಗೆ ಒಂದು ರಿಂಗು ಕೊಟ್ಟು ಕತ್ತರಿಸುತ್ತಿದ್ದಳು. ಅಲ್ಲಿಗೆ ಗಂಡ ಹೆಂಡಿರ ಆ ದಿನದ ಮಾತುಕತೆ ಮುಗಿಯಿತು.

ಇದು ಶ್ರೇಣಿಕ ವಿಮಾನ ಹತ್ತುವ ಮುಂಚೆ ಮಾಡಿಟ್ಟುಹೋದ ಕಟ್ಟಳೆ. ಆ ದೇಶದಲ್ಲಿ ವಾಟ್ಸಾಪಿನ ಕರೆ ಹತ್ತುವುದಿಲ್ಲ. ಬರೆದು ಕಳಿಸಬಹುದು, ದನಿ ಮುದ್ರಿಸಿ ಕಳಿಸಬಹುದು, ಕರೆ ಮಾತ್ರ ಇಲ್ಲ. ಅಡ್ಡದಾರಿಯ ಆ್ಯಪುಗಳು ಇವೆಯಂತೆ, ಸಿಕ್ಕಿಬಿದ್ದರೆ ದಂಡವಂತೆ. ಇನ್ನು ನೇರವಾಗಿ ಫೋನು ಮಾಡಿದರೋ, ಒಬ್ಬರು ‘ಆರಾಮ ಅದೀರೇನ’ ಅಂದು ಇನ್ನೊಬ್ಬರು ‘ಹೂಂ’ ಅನ್ನುವುದರೊಳಗೆ ಪಗಾರ ಕರಗತೊಡಗುತ್ತದೆ. ಶ್ರೇಣಿಕ ಮೊದಲೇ ಕೈ ಬಿಗಿ ಮನುಷ್ಯ. ಚಹಾ ಸೋಸಿದ ಪುಡಿಯನ್ನು ಮತ್ತೊಮ್ಮೆ ಕುದಿಸಿದರೆ ತಪ್ಪೇನು ಎಂದು ಕೇಳುವವನು.

“ದಿನಾ ಒಂದ ರಿಂಗ ಕೊಡ್ತೀನಿ. ಎತ್ತಬ್ಯಾಡ,” ಎಂದಿದ್ದ. “ನಾ ಉಂಡೀನಿ, ಆರಾಮ ಅದೀನಿ ಅಂತ ತಿಳಕೊ. ನೀ ತಿರಗಿ ಒಂದ ರಿಂಗ ಕೊಡು. ಬಾಬಾ ಆರಾಮ ಅದಾನ ಅಂತ ನಾ ತಿಳಕೋತೀನಿ. ಪುಕ್ಕಟ ಕೆಲಸ.” ಬಾಬಾ ಎಂದರೆ ಅವನ ತಂದೆ ಆಬಾಸಾಹೇಬರು.

“ಉಣ್ಣದ ಬರೇ ರಿಂಗ ಕೊಟ್ರ ನನಗ ಹೆಂಗ ಗೊತ್ತಾಗಬೇಕ್ರಿ?” ಎಂದು ತ್ರಿಶಲಾ ಚೇಷ್ಟೆ ಮಾಡಿದ್ದಳು.

“ಜಿನದೇವರ ಬಸ್ತಿ ಮುಂದ ನಿಂತ ಹೇಳ್ತೀನಿ, ಉಣ್ಣದ ರಿಂಗ ಕೊಡೂದಿಲ್ಲ.”

ಈ ಒಂದು ಮಾತನ್ನು ಅವನು ಕೊನೆಯತನಕ ಉಳಿಸಿಕೊಂಡ. ಅವನ ಪಾಲಿಗೆ ಅದೇ ಮುಳುವಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಉಣ್ಣುವುದು ಎಂದರೆ ಈ ಕಡೆಯ ಜೈನರ ಮನೆಗಳಲ್ಲಿ ಅದಕ್ಕೊಂದು ಗಡುವಿದೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸಿ ಕೈ ತೊಳೆದಿರಬೇಕು. ಆಮೇಲೆ ಎಂಥ ಹಸಿವಾದರೂ ಬೆಳಗಿನತನಕ ತಡೆಯಬೇಕು. ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳುವುದಿಲ್ಲ. ಹಗಲು ನೇಮ ಹೇಳಿ ರಾತ್ರಿ ಮೀರಜಿನ ಹೋಟೆಲುಗಳಲ್ಲಿ ಕೂತವರನ್ನೂ ನೋಡಿದ್ದೇನೆ. ಆದರೆ ಶ್ರೇಣಿಕ ಹುಟ್ಟಿದಾಗಿನಿಂದ ಅದನ್ನು ಮುರಿದವನಲ್ಲ. ಶಾರ್ಜಾದಲ್ಲಿ ಅವನಿಗೆ ಸಿಕ್ಕ ಸೇಠನೂ ಜೈನನೇ, ಗುಜರಾತಿನವನು, ಒಣಹಣ್ಣು ಮಸಾಲೆಯ ಸಗಟು ವ್ಯಾಪಾರಿ. ಸಂಜೆ ಗೋದಾಮಿನ ಆಳುಗಳೆಲ್ಲ ಬೆಳಕಿರುವಾಗಲೇ ಉಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದರು.

ಉಗಾರದಲ್ಲಿ ಸೂರ್ಯ ಕಬ್ಬಿನ ಗದ್ದೆಗಳ ಹಿಂದೆ ಇಳಿದ ಮೇಲೆ ಶಾರ್ಜಾದಲ್ಲಿ ಇಳಿಯುವುದಕ್ಕೆ ಇನ್ನೂ ಒಂದು ತಾಸಿನ ಮೇಲೆ ಬೇಕು. ಹಾಗಾಗಿ ರಿಂಗು ಬರುವಾಗ ಇಲ್ಲಿ ಕತ್ತಲಾಗಿರುತ್ತಿತ್ತು. ತ್ರಿಶಲಾ ಮಾವನಿಗೆ ಉಣಿಸಿ, ತಾನು ಉಂಡು, ಪಾತ್ರೆ ತೊಳೆದು, ಅತ್ತೆ ಜಿನಮತಿ ಹಚ್ಚಿಕೊಂಡ ಮರಾಠಿ ಧಾರಾವಾಹಿಯ ಹಾಡು ಕೇಳಿಸುವ ಹೊತ್ತು. ಹಾಡು ಬಂತೆಂದರೆ ಅವಳ ಕಿವಿ ಫೋನಿನ ಕಡೆಗೆ ತಿರುಗುತ್ತಿತ್ತು.

ಈಗ ಈ ಮನೆಯಲ್ಲಿ ಅವಳು ಕಟ್ಟುಬಿದ್ದ ಕಥೆ ಹೇಳಬೇಕು. ತ್ರಿಶಲಾ ಅಥಣಿಯಲ್ಲಿ ಡಾಕ್ಟರ್ ಶಿವರಾಜರ ದವಾಖಾನೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳಾಗಿದ್ದಳು. ಕಲಿತ ಕೆಲಸ, ಕೈಗೆ ಒಲಿದ ಕೆಲಸ. ಅಳುವ ಕೂಸುಗಳನ್ನು ಬೇರೆಯವರು ನಾಲ್ಕು ಕಡೆ ಚುಚ್ಚಿ ಬಿಟ್ಟರೆ ಇವಳು ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಶ್ರೇಣಿಕನ ವೀಸಾ ಬಂದ ವಾರವೇ ಮಾವ ಆಬಾಸಾಹೇಬರಿಗೆ ಲಕ್ವಾ ಹೊಡೆದು ಬಲಗಡೆಯ ಮೈ ಬಿತ್ತು, ಮಾತೂ ಬಿತ್ತು. ಅತ್ತೆಗೆ ಸೊಂಟ ನೋವು, ಒಬ್ಬರನ್ನು ಹೊರಳಿಸಿ ಮಲಗಿಸುವ ತ್ರಾಣವಿಲ್ಲ. ಗಂಡನ ಅಕ್ಕ ಮೇಘಾಳ ಮನೆ ನಿಪ್ಪಾಣಿಯಲ್ಲಿ. ಉಳಿದವಳು ಯಾರು?

“ಎರಡ ವರ್ಷ,” ಎಂದಿದ್ದ ಶ್ರೇಣಿಕ. “ಎರಡ ವರ್ಷ ಬಾಬಾನ್ನ ನೀ ನೋಡ್ಕೊ. ನಾ ಬಂದ ದಿನಾ ನೀ ಅಥಣಿಗಿ ಹೋಗು. ಆಮ್ಯಾಲ ಬಾಬಾನ ಜವಾಬ್ದಾರಿ ನಂದು. ನಾ ತಡೀಯೂದಿಲ್ಲ, ಯಾರಿಗೂ ತಡೀಗೊಡೂದಿಲ್ಲ.”

ತ್ರಿಶಲಾ ನಂಬಿದಳು. ಗಂಡನ ಮಾತು ನಂಬದೆ ಯಾರ ಮಾತು ನಂಬುತ್ತಾರೆ? ಕೆಲಸ ಬಿಡುವಾಗ ಡಾಕ್ಟರು ಕೂಡ ದೊಡ್ಡ ಮನಸ್ಸು ಮಾಡಿದರು. ಮುಂದೆ ದೊಡ್ಡದೊಂದು ಲ್ಯಾಬು ತೆರೆಯುವವರಿದ್ದರು. “ಕಟ್ಟಡ ಮುಗಿಯಾಕ ಹೆಂಗೂ ಎರಡ ವರ್ಷ ಹಿಡೀತೈತ್ರಿ. ಅದರ ಉಸ್ತುವಾರಿ ನಿಮಗ ಕೊಡ್ತೀನಿ. ಅದ ಮುಗದ ಮ್ಯಾಲ ಬರೂ ಅಕ್ಷಯ ತದಿಗಿಗೆ ಉದ್ಘಾಟನಾ. ಅದರೊಳಗ ಬಂದಬಿಡ್ರಿ,” ಎಂದಿದ್ದರು. ಅವಳು ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಎರಡು ವರ್ಷ ಅವಳು ಮಾಡಿದ ಸೇವೆಯನ್ನು ಹೊಗಳಿ ನಾನು ಅವಳನ್ನು ದೇವತೆ ಮಾಡುವುದಿಲ್ಲ. ಬೇಸರಪಟ್ಟುಕೊಂಡಳು, ಬಚ್ಚಲಲ್ಲಿ ಕೂತು ಅತ್ತಳು, ಒಮ್ಮೊಮ್ಮೆ ಗಂಜಿಯ ಬಟ್ಟಲನ್ನು ಕುಕ್ಕಿದಳು. ಆದರೆ ಮಾವನ ಬೆನ್ನಿಗೆ ಒಂದು ಹುಣ್ಣು ಏಳಗೊಡಲಿಲ್ಲ. ಮಾವನೂ ಅವಳ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ಅವರ ಬಾಯಿಂದ ಹೊರಡುವ ಅರೆಬರೆ ಶಬ್ದ ಹೆಂಡತಿಗೆ ತಿಳಿಯದಿದ್ದರೂ ಸೊಸೆಗೆ ತಿಳಿಯುತ್ತಿತ್ತು.

ಹೋದ ದೀಪಾವಳಿಗೆ ಎರಡು ವರ್ಷ ತುಂಬಿತು. ಅವಳು ಶ್ರೇಣಿಕನ ಅಂಗಿಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿ ಇಸ್ತ್ರಿ ಮಾಡಿಟ್ಟಳು. ಬಂದದ್ದು ಗಂಡನಲ್ಲ, ವಾಟ್ಸಾಪಿನಲ್ಲಿ ಅವನ ದನಿ. ಸೇಠ ಇನ್ನೊಂದು ವರ್ಷ ಬಿಡುವುದಿಲ್ಲ ಅನ್ನುತ್ತಿದ್ದಾನೆ, ಪಾಸ್‌ಪೋರ್ಟು ಅವನ ಹತ್ತಿರವೇ ಇದೆ, ನಾನೇನು ಮಾಡಲಿ ಎಂಬ ದನಿ. ತ್ರಿಶಲಾ ಅದನ್ನು ಮತ್ತೆ ಮತ್ತೆ ಕೇಳಿದಳು. ಗಂಡನ ಮೇಲೆ ಸಿಟ್ಟು ಬರಲಿಲ್ಲ, ಕರುಣೆ ಬಂತು. ಸೇಠನಿಗೆ ಮನಸಾರೆ ಶಾಪ ಹಾಕಿದಳು. “ಅಕ್ಷಯ ತದಿಗಿ ಒಳಗ ಹೆಂಗರ ಮಾಡಿ ಬರ್ರಿ, ಇಲ್ಲಾಂದ್ರ ಲ್ಯಾಬ್ ಹೋಗತೈತಿ,” ಎಂದು ತನ್ನ ದನಿ ಕಳಿಸಿದಳು. “ಪ್ರಯತ್ನ ಮಾಡ್ತೀನಿ,” ಎಂದು ಉತ್ತರ ಬಂತು. ಆಮೇಲಿನಿಂದ ದನಿ ಕಡಿಮೆಯಾಗಿ ಬರಹವಷ್ಟೇ ಉಳಿಯಿತು. ರಿಂಗು ಮಾತ್ರ ತಪ್ಪಲಿಲ್ಲ.

ತಪ್ಪಲಿಲ್ಲ, ಆದರೆ ಹೊತ್ತು ಬದಲಾಯಿತು. ಮೊದಮೊದಲು ಅವಳಿಗೆ ಅದು ತಿಳಿಯಲೂ ಇಲ್ಲ. ಚಳಿಗಾಲದಲ್ಲಿ ಕತ್ತಲೆ ಬೇಗ, ಕೆಲಸದ ಗದ್ದಲ. ಒಂದು ದಿನ ಮಾವನ ಬಾಯಿಗೆ ಕೊನೆಯ ತುತ್ತು ಇಡುತ್ತಿರುವಾಗಲೇ ಫೋನು ರಿಂಗಾಯಿತು. ಕೈ ಎಂಜಲು. ಮರುದಿನವೂ ಹಾಗೇ. ಆಗ ಅವಳಿಗೆ ಹೊಳೆಯಿತು, ಇತ್ತೀಚೆಗೆ ಧಾರಾವಾಹಿಯ ಹಾಡಿನ ಹೊತ್ತಿಗೆ ತಾನು ಫೋನಿನ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ ಎಂದು. ರಿಂಗು ಅದಕ್ಕೆ ಎಷ್ಟೋ ಮುಂಚೆ ಬಂದು ಹೋಗಿರುತ್ತಿತ್ತು.

ಬರೆದು ಕೇಳಿದಳು. ‘ಸೇಠ ಈಗ ಲಗೂ ಉಣಸ್ತಾನ, ಸಂಜಿಕೆ ಗಿರಾಕಿ ಹೆಚ್ಚಿರ್ತಾವು’ ಎಂದು ಬರೆದ. ಒಪ್ಪುವಂಥ ಮಾತೇ. ಅವಳು ಒಪ್ಪಿದಳು.

ಒಂದು ಮಾತು ಮಾತ್ರ ಅವಳನ್ನು ಕೊರೆಯುತ್ತಿತ್ತು. ಅದೇ ದಿನಗಳಿಂದ, ಸಂಜೆ ರಿಂಗು ಕೇಳಿಸಿದ ಕೂಡಲೇ ಮಾವ ಅಳುತ್ತಿದ್ದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಮೊದಲು ರಿಂಗಿಗೆ ಅವರ ಬಾಯಿ ಓರೆಯಾಗಿ ನಗುತ್ತಿತ್ತು. ಮಗನ ಹಂಬಲ ಹೆಚ್ಚಾಯಿತು ಎಂದುಕೊಂಡಳು. ಕಣ್ಣು ಒರೆಸಿ, “ಬರ್ತಾರ್ರಿ ಮಾವಾರ, ಇನ್ನೇನ ಬಂದ ಬಿಡ್ತಾರ,” ಎಂದು ಸಮಾಧಾನ ಹೇಳುತ್ತಿದ್ದಳು. ಆಗ ಅವರು ಇನ್ನೂ ಹೆಚ್ಚು ಅಳುತ್ತಿದ್ದರು.

ಚೈತ್ರದಲ್ಲಿ ಒಂದು ದಿನ ಅಕಾಲದ ಮಳೆ ಬಂತು. ಮಧ್ಯಾಹ್ನದವರೆಗೆ ತಲೆ ಸುಡುವ ಬಿಸಿಲು. ಆಮೇಲೆ ಪಡುವಣದಿಂದ ಮೋಡ ಏರಿ ಇಡೀ ಆಕಾಶಕ್ಕೆ ಕರಿ ಕಂಬಳಿ ಹೊದಿಸಿತು. ಗಾಳಿ ಎದ್ದಿತು, ಕರೆಂಟು ಹೋಯಿತು. ಇಂಥ ದಿನ ಜೈನರ ಮನೆಗಳಲ್ಲಿ ದೊಡ್ಡ ಅವಸರ. ಸೂರ್ಯ ಕಾಣುತ್ತಿಲ್ಲ, ಯಾವಾಗ ಮುಳುಗಿದನೆಂದು ಹೇಳುವವರು ಯಾರು? ಅನುಮಾನ ಬಂತೆಂದರೆ ಬೆಳಕಿರುವಾಗಲೇ ಉಂಡು ಮುಗಿಸುವುದು ಈ ಕಡೆಯ ರೂಢಿ. “ಲಗೂ ಲಗೂ,” ಎಂದು ಜಿನಮತಿ ಅಡಿಗೆಮನೆಯಿಂದ ಕೂಗಿದರು. ಇನ್ನೂ ಸಂಜೆಯಾಗಿರಲಿಲ್ಲ, ತ್ರಿಶಲಾ ಮಾವನಿಗೆ ಗಂಜಿ ಕುಡಿಸಿದಳು, ನಿಂತಲ್ಲೇ ತಾನೂ ಒಂದು ರೊಟ್ಟಿ ಮುರಿದು ತಿಂದಳು.

ಬಟ್ಟಲು ಕೆಳಗಿಡುವಷ್ಟರಲ್ಲಿ ಫೋನು ರಿಂಗಾಯಿತು.

ಅವಳು ಎಂದಿನಂತೆ ತಿರುಗಿ ರಿಂಗು ಕೊಡಲಿಲ್ಲ. ಫೋನಿನಲ್ಲೇ ಶಾರ್ಜಾದ ಹವಾಮಾನ ತೆಗೆದು ನೋಡಿದಳು. ಸ್ವಚ್ಛ ಆಕಾಶ, ಮೋಡದ ಚೂರಿಲ್ಲ, ಸೂರ್ಯ ಇನ್ನೂ ಮೇಲಿದ್ದಾನೆ. ಲ್ಯಾಬಿನಲ್ಲಿ ಅವಳು ಕಲಿತ ಮೊದಲ ಪಾಠ, ರಿಪೋರ್ಟು ವಿಚಿತ್ರ ಬಂದರೆ ಗಾಬರಿಯಾಗಬೇಡ, ಇನ್ನೊಮ್ಮೆ ನೋಡು ಎಂಬುದು. ಇನ್ನೊಮ್ಮೆ ನೋಡಿದಳು. ಅಲ್ಲಿ ಸುಡು ಬಿಸಿಲಿನ ಮಟಮಟ ಹಗಲು. ಆ ಹಗಲಿನಲ್ಲಿ ಕೂತು ರಾತ್ರಿಯೂಟ ಮುಗಿಸುವ ಅವಸರ ಯಾರಿಗಿದೆ? ಮೋಡ ಕವಿದದ್ದು ಇಲ್ಲಿ. ಅವಸರಪಟ್ಟು ಉಂಡವನು ಈ ಮೋಡದ ಕೆಳಗೇ ಎಲ್ಲೋ ಇದ್ದಾನೆ.

ದೇಶದ ಬಗ್ಗೆ ಸುಳ್ಳು ಹೇಳಲು ಹಿಂದೆಮುಂದೆ ನೋಡದ ಗಂಡಸು ಊಟದ ಬಗ್ಗೆ ಸುಳ್ಳು ಹೇಳಲು ಹೆದರಿದ್ದ. ಬಸ್ತಿಯ ಮುಂದೆ ನಿಂತು ಆಡಿದ ಮಾತಲ್ಲವೇ? ಉಂಡ ಮೇಲೆಯೇ ರಿಂಗು. ನೇಮ ಎಂದರೆ ನೇಮ. ಹೆಂಡತಿಯ ಕಣ್ಣಿಗೆ ಮಣ್ಣೆರಚಿದರೆ ಅದು ಲೆಕ್ಕಕ್ಕಿಲ್ಲ.

ಅವಳು ಅತ್ತೆಯನ್ನು ಕೇಳಲಿಲ್ಲ. ಮಾವನ ಮಂಚದ ಹತ್ತಿರ ಹೋಗಿ ಕೂತಳು. ಅವರ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

“ಮಾವಾರ, ಅವರು ಇಲ್ಲೇ ಅದಾರಲ್ರಿ?”

ಆಬಾಸಾಹೇಬರು ಕಣ್ಣು ಮುಚ್ಚಿಕೊಂಡರು.

“ನಿಮಗ ಗೊತ್ತಿತ್ತು.”

ಅವರ ಎಡಗೈ ತಡಕಾಡಿ ಅವಳ ಸೀರೆಯ ಸೆರಗನ್ನು ಹಿಡಿಯಿತು. ಬಾಯಿಂದ ಒಂದು ಶಬ್ದ ಹೊರಟಿತು. ಬೇರೆ ಯಾರಿಗಾದರೂ ಅದು ನರಳಿಕೆ. ತ್ರಿಶಲಾಗೆ ಅದು ನಿಪ್ಪಾಣಿ ಎಂದು ಕೇಳಿಸಿತು.

ತಾಯಿ ಮಗಳು ಅವರ ಮುಂದೆಯೇ ಎಲ್ಲ ಮಾತಾಡಿರುತ್ತಾರೆ, ಮಾತು ಬಾರದವನು ಯಾರಿಗೆ ಹೇಳಿಯಾನು ಎಂದು. ದೀಪಾವಳಿಯ ಮೇಲೆ ಮೇಘಾ ಬಂದು ಒಂದು ದಿನ ಇದ್ದು ಹೋಗಿದ್ದಳು. ಆಮೇಲೆ ಅತ್ತೆ ಮಗಳ ಮನೆಗೆಂದು ಎರಡು ಸಲ ನಿಪ್ಪಾಣಿಗೆ ಹೋಗಿ ಬಂದಿದ್ದರು. ಸೊಂಟ ನೋವಿನವರು ಬಸ್ಸಿನಲ್ಲಿ ಅಷ್ಟು ದೂರ ಹೇಗೆ ಹೋದರೋ ಎಂದು ಆಗ ತ್ರಿಶಲಾ ಮರುಗಿ ಎಣ್ಣೆ ಕಾಸಿ ತಿಕ್ಕಿದ್ದಳು. ಈಗ ಅದನ್ನು ನೆನೆದು ಅವಳಿಗೆ ತನ್ನ ಕೈಯ ಮೇಲೆಯೇ ಹೇಸಿಗೆಯಾಯಿತು. ರೊಕ್ಕ ಯಾವಾಗಲೂ ಅತ್ತೆಯ ಖಾತೆಗೆ ಬರುತ್ತಿತ್ತು, ಎಲ್ಲಿಂದ ಬರುತ್ತದೆಂದು ಸೊಸೆ ಕೇಳಿದವಳಲ್ಲ.

ಮರುದಿನ ಮಧ್ಯಾಹ್ನದ ಕೆಲಸ ಮುಗಿಸಿ, “ಅಥಣಿಗಿ ಡಾಕ್ಟರ ಕಡೆ ಹೋಗಿ ಬರ್ತೀನ್ರಿ ಅತ್ತಿ. ಸಂಜಿಕೆ ಮಾವಾರಿಗೆ ನೀವ ಉಣಸ್ರಿ,” ಎಂದಳು. ಜಿನಮತಿ ಅವಳ ಮುಖವನ್ನೊಮ್ಮೆ ನೋಡಿ, “ಅಥಣಿಗಿ ಯಾಕ ಈಗ?” ಎಂದರು. “ಕೆಲಸದ ಮಾತ ಐತ್ರಿ,” ಎಂದು ಚಪ್ಪಲಿ ಮೆಟ್ಟಿದಳು. ಆ ಮನೆಯಲ್ಲಿ ಅವಳು ಅತ್ತೆಗೆ ಹೇಳಿದ ಮೊದಲ ಸುಳ್ಳು ಅದು.

ಕುಡಚಿ, ರಾಯಬಾಗ, ಚಿಕ್ಕೋಡಿ ದಾಟಿ ಬಸ್ಸು ನಿಪ್ಪಾಣಿ ಸೇರುವಾಗ ಬಿಸಿಲು ಹಳದಿಯಾಗಿತ್ತು. ಆಧಾರ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೇಟು ಪುಕ್ಕಟೆ. ಇಷ್ಟು ದಿನ ಒಂದು ಪೈಸೆ ಖರ್ಚಿಲ್ಲದೆ ಗಂಡನ ಹತ್ತಿರ ಹೋಗಬಹುದಿತ್ತು ಎಂದು ಬಸ್ಸಿನಲ್ಲಿ ಅವಳಿಗೆ ನಗು ಬಂತು. ಪಕ್ಕದಲ್ಲಿ ಕೂತ ಹೆಂಗಸು ವಿಚಿತ್ರವಾಗಿ ನೋಡಿದಳು.

ಮೇಘಾಳ ಮನೆ ತಂಬಾಕಿನ ಗೋದಾಮುಗಳ ಓಣಿಯಲ್ಲಿ. ಅವಳ ಗಂಡ ಸುಹಾಸನದು ತಂಬಾಕಿನ ವ್ಯಾಪಾರ, ಇಡೀ ಮನೆಗೆ ಅದರ ಘಾಟು. ಬಾಗಿಲು ತೆರೆದಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು. ತ್ರಿಶಲಾ ಪಡಸಾಲೆ ದಾಟಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಒಲೆಯ ಮುಂದೆ ಕೂತ ಮೇಘಾ ತಲೆ ಎತ್ತಿ ನೋಡಿ ಕಲ್ಲಾದಳು. ಕೈಯಲ್ಲಿದ್ದ ರೊಟ್ಟಿ ಹಂಚಿಗೂ ಬೀಳಲಿಲ್ಲ, ಹಿಂದಕ್ಕೂ ಬರಲಿಲ್ಲ.

ಕಿಟಕಿಯ ಕಡೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಶ್ರೇಣಿಕ ಉಣ್ಣುತ್ತಿದ್ದ. ಕಿಟಕಿಯಲ್ಲಿ ಬೆಳಕು ಎಷ್ಟಿದೆಯೆಂದು ಒಮ್ಮೊಮ್ಮೆ ಕತ್ತೆತ್ತಿ ನೋಡುತ್ತಿದ್ದ. ಬನಿಯನ್ನಿನ ಹಿಂದೆ ತೂತು. ಮೈ ಸ್ವಲ್ಪ ತುಂಬಿಕೊಂಡಿತ್ತು. ಕೊನೆಯ ತುತ್ತನ್ನು ಮೊಸರಿನಲ್ಲಿ ಒರೆಸಿ ತಿಂದ, ಚೆಂಬು ಎತ್ತಿ ನೀರು ಕುಡಿದ, ತಟ್ಟೆಯಲ್ಲೇ ಕೈ ತೊಳೆದ. ತೊಡೆಯ ಮೇಲೆ ಕೈ ಒರೆಸಿಕೊಂಡು, ಗೋಡೆಗೆ ಆನಿಸಿಟ್ಟಿದ್ದ ಫೋನನ್ನು ತೆಗೆದುಕೊಂಡು ಗುಂಡಿ ಒತ್ತಿದ.

ತ್ರಿಶಲಾಳ ಚೀಲದಲ್ಲಿ ಫೋನು ರಿಂಗಾಯಿತು.

ಅವನ ಬೆನ್ನು ಬಿಗಿಯಿತು. ಆದರೂ ತಿರುಗಲಿಲ್ಲ, ಕೈಯಲ್ಲಿದ್ದ ಫೋನನ್ನೇ ನೋಡಿದ, ಆ ಸದ್ದು ಅದರೊಳಗಿಂದಲೇ ಬರುತ್ತಿದೆಯೋ ಎಂಬಂತೆ. ತ್ರಿಶಲಾ ಚೀಲದಿಂದ ಫೋನು ತೆಗೆದು, ಮದುವೆ ಕಾಲದ ಆ ಫೋಟೋವನ್ನು ನೋಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಎತ್ತಿದಳು. ಕಿವಿಗೆ ಹಿಡಿದು ಕೇಳಿದಳು.

“ಉಂಡ್ರೇನ್ರಿ?”

ಶ್ರೇಣಿಕ ತಿರುಗಿದ. ಮುಖ ಬಿಳಿಚಿ ಹೋಗಿತ್ತು. ಎರಡೂವರೆ ವರ್ಷದ ಮೇಲೆ ಹೆಂಡತಿಯನ್ನು ಕಣ್ಣಾರೆ ಕಂಡ ಗಂಡಸಿನ ಬಾಯಿಂದ ಬಂದ ಮೊದಲ ಮಾತು ಇದು:

“ಕಟ್ ಮಾಡು. ರೋಮಿಂಗ್ ಐತಿ.”

ಅವಳು ಕತ್ತರಿಸಲಿಲ್ಲ. ಫೋನನ್ನು ಹಾಗೇ ನೆಲದ ಮೇಲೆ ಇಟ್ಟಳು. ಕೊನೆಗೆ ಅವನೇ ತನ್ನ ಕಡೆಯಿಂದ ಕತ್ತರಿಸಿದ. ಆಮೇಲೆ ಎದ್ದು ನಿಂತ.

“ಸೇಠ ದೀಪಾವಳಿಗಿಂತ ಮೊದಲ ಗೋದಾಮ ಮುಚ್ಚಿದ. ಎಲ್ಲಾರ್ನೂ ಕಳಿಸಿಬಿಟ್ಟ,” ಎಂದ. “ನಾ ಏನ ಮಾಡ್ಲಿ?”

“ಮನಿಗಿ ಬರಬೇಕಿತ್ತು.”

“ಬಂದಿದ್ರ ನೀ ಅಥಣಿಗಿ ಹೋಗತಿದ್ದಿ.”

“ಹೌದ್ರಿ. ಹಂಗ ಮಾತಾಗಿತ್ತಲ್ಲ.”

“ಬಾಬಾನ್ನ ಯಾರ ನೋಡೂದು?”

“ನೀವ ನೋಡ್ತೀನಿ ಅಂದಿದ್ರಿ.”

ಶ್ರೇಣಿಕ ಅಕ್ಕನ ಕಡೆ ನೋಡಿದ. ಮೇಘಾಗೆ ಈಗ ಮಾತು ಬಂತು. “ಗಂಡಸರ ಕೈಲೆ ಆಗೂ ಕೆಲಸ ಏನ ತ್ರಿಶಲಾ ಅದು? ಹೇಲು ಉಚ್ಚಿ ಬಳಿಯೂದು, ಹೊಳ್ಳಿಸಿ ಮಲಗಸೂದು? ಬಾಬಾ ನಿನ್ನ ಕೈಲೇನ ಉಣತಾನ. ನೀ ಹೋದ್ರ ಅಂವಾ ಎಂಟ ದಿನಾ ಬದಕೂದಿಲ್ಲ. ಅದಕ್ಕ ನಾವೆಲ್ಲಾ ಕೂಡಿ ವಿಚಾರ ಮಾಡಿದ್ವಿ. ನಿನಗ ತ್ರಾಸ ಕೊಡಬೇಕಂತ ಅಲ್ಲ.”

“ನಾವೆಲ್ಲಾ ಅಂದ್ರ ಯಾರ್ಯಾರ್ರಿ ಅಕ್ಕಾರ?”

ಮೇಘಾ ರೊಟ್ಟಿಯನ್ನು ಹಂಚಿಗೆ ಹಾಕಿದಳು.

“ನಾ ಆ ಮನಿಗೆ ಎರಡೂವರಿ ವರ್ಷ ಹಾಕೀನ್ರಿ,” ಎಂದಳು ತ್ರಿಶಲಾ. ಅವಳ ದನಿ ಏರಲಿಲ್ಲ. “ನನ್ನ ಮುಂದ ಕುಂತ, ಬಾಬಾಗ ನೀ ಬೇಕು, ಹೋಗಬ್ಯಾಡ ಅಂತ ಒಂದ ಮಾತ ಹೇಳಿದ್ರ, ನಾ ಏನ ಅಂತಿದ್ದೆನೋ ನನಗ ಗೊತ್ತಿಲ್ಲ. ಇದ್ದರೂ ಇರತಿದ್ದೆ. ಕೇಳಲಿಲ್ಲಲ್ಲ ನೀವು. ಕೇಳೂದಕ್ಕೇನ ರೊಕ್ಕ ಬೀಳತಿತ್ತೇನ್ರಿ?”

ಶ್ರೇಣಿಕ ಗೋಡೆ ನೋಡಿದ. “ದಿನಾ ರಿಂಗ ಕೊಟ್ಟೀನಿ,” ಎಂದ, ಅದೊಂದು ದೊಡ್ಡ ಉಪಕಾರ ಎಂಬಂತೆ. “ಒಂದ ದಿನಾ ತಪ್ಪಿಸಿಲ್ಲ. ಆ ಶಾರ್ಜಾದ ಸಿಮ್ಮು ಜೀವಂತ ಇಡಾಕ ಎಷ್ಟ ಹಾಕಬೇಕ ಗೊತ್ತೈತೇನ?”

ಈ ಮಾತಿಗೆ ಏನು ಹೇಳಬೇಕು? ಕೆಲವರಿಗೆ ಮೋಸ ಮಾಡುವುದಕ್ಕೆ ಪಟ್ಟ ಕಷ್ಟವೂ ಪ್ರೀತಿಯ ಬಾಬ್ತಿಗೇ ಜಮಾ ಆಗಬೇಕು. ತ್ರಿಶಲಾ ಪಡಸಾಲೆಗೆ ಬಂದು ಕೂತಳು. ಮೇಘಾ ತಟ್ಟೆ ಹಿಡಿದು ಹಿಂದೆಯೇ ಬಂದಳು. “ಎರಡ ತುತ್ತ ತಿನ್ನ, ಇನ್ನೂ ಹೊತ್ತ ಮುಳಗಿಲ್ಲ,” ಎಂದಳು. ತ್ರಿಶಲಾ ತಟ್ಟೆಯನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಹೊತ್ತು ಮುಳುಗಿತು. ಇನ್ನು ಯಾರೂ ಅವಳನ್ನು ಉಣ್ಣು ಅನ್ನುವ ಹಾಗಿರಲಿಲ್ಲ, ಅದೊಂದು ಅನುಕೂಲವಾಯಿತು.

ಉಗಾರದ ಕಡೆ ಬಸ್ಸು ಇರಲಿಲ್ಲವೆಂದು ಆ ರಾತ್ರಿ ಅಲ್ಲೇ ಉಳಿದಳು. ಬೆಳಗ್ಗೆ ಎದ್ದು ನೋಡಿದರೆ ಶ್ರೇಣಿಕ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಗಾಲಿಯ ದೊಡ್ಡ ಸೂಟ್‌ಕೇಸನ್ನು ಬಾಗಿಲಲ್ಲಿ ತಂದಿಟ್ಟಿದ್ದ. ಅದರ ಹಿಡಿಕೆಗೆ ವಿಮಾನದ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

“ಆಗೂದ ಆತು,” ಎಂದ, ರಾತ್ರಿಯೆಲ್ಲ ಯೋಚಿಸಿ ತೀರ್ಮಾನಕ್ಕೆ ಬಂದವನ ದನಿಯಲ್ಲಿ. “ಮನಿಗಿ ಹೋಗೂಣು. ಊರಾಗ ಯಾರರ ಕೇಳಿದ್ರ, ಇವತ್ತ ವಿಮಾನ ಇಳದ ಬಂದ್ರು, ನಾನ ಕರಕೊಂಡ ಬರಾಕ ಹೋಗಿದ್ದೆ ಅನ್ನು. ಮಂದಿ ಬಾಯಿಗೆ ಯಾಕ ಬೀಳಬೇಕು?”

ಅವನ ಮುಖದಲ್ಲಿ ನಾಚಿಕೆ ಇತ್ತು, ಇಲ್ಲವೆಂದಲ್ಲ. ಆದರೆ ಅದು ಊರಿನ ಮುಂದಿನ ನಾಚಿಕೆ. ಅವಳ ಮುಂದಿನದು ನಿನ್ನೆಗೇ ತೀರಿಹೋಗಿತ್ತು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ಸೂಟ್‌ಕೇಸಿನ ಜೊತೆ. ಚಿಕ್ಕೋಡಿಯಲ್ಲಿ ಬಸ್ಸು ನಿಂತಾಗ ಅವಳು ಇಳಿದಳು. ಕಿಟಕಿಯಿಂದ ಅವನು ಬಗ್ಗಿ, “ಎಲ್ಲಿಗಿ?” ಎಂದ.

“ಅಥಣಿಗಿ. ನೀವ ಬಂದ ದಿನಾ ಹೋಗು ಅಂದಿದ್ರಲ್ರಿ. ಮಾವಾರಿಗೆ ಬೆಳಿಗ್ಗೆ ರಾಗಿ ಗಂಜಿ ತೆಳ್ಳಗ ಮಾಡಿ ಕುಡಸ್ರಿ. ತಲೀ ಎತ್ತಿ ಹಿಡೀಬೇಕು, ಇಲ್ಲಾಂದ್ರ ನೆತ್ತಿಗೇರತೈತಿ.”

ಅವನು ಇನ್ನೇನೋ ಹೇಳಿದ. ಬಸ್ಸು ಹೊರಟಿತು.

ಅಥಣಿಯ ಬಸ್ಸಿನಲ್ಲಿ ಅವಳಿಗೆ ಹಸಿವು ಕಣ್ಣು ಕತ್ತಲೆ ತರುವಷ್ಟು ಇತ್ತು, ಆದರೂ ಮನಸ್ಸು ಹಗುರಾಗಿತ್ತು. ಎಲ್ಲರೂ ಕೂಡಿ ಎರಡೂವರೆ ವರ್ಷ ತಿಂದು ಹಾಕಿದರು, ಲ್ಯಾಬು ಒಂದು ಉಳಿಯಿತಲ್ಲ ಎಂದುಕೊಂಡಳು. ಅಕ್ಷಯ ತದಿಗೆಗೆ ಇನ್ನೂ ದಿನಗಳಿದ್ದವು. ಡಾಕ್ಟರು ಮಾತಿಗೆ ತಪ್ಪುವವರಲ್ಲ. ಗೆಳತಿಯ ಮನೆಯಲ್ಲಿ ಸ್ವಲ್ಪ ದಿನ ಇರುವುದು, ಆಮೇಲೆ ಒಂದು ಕೋಣೆ ನೋಡುವುದು. ಮಾವನಿಗೆ ಗಂಜಿ ಯಾರು ಕುಡಿಸಿದರೋ ಎಂಬ ಯೋಚನೆ ಮಾತ್ರ ಬಿಡಲಿಲ್ಲ. ಮುದುಕ ಒಬ್ಬನೇ ಅವಳಿಗೆ ನಿಜ ಹೇಳಿದ್ದು.

ಹೊಸ ಕಟ್ಟಡಕ್ಕೆ ಬಣ್ಣ ಹೊಡೆಯುವುದು ನಡೆದಿತ್ತು. ಡಾಕ್ಟರ್ ಶಿವರಾಜರು ಅವಳನ್ನು ಕಂಡು ನಿಜಕ್ಕೂ ಸಂತೋಷಪಟ್ಟರು. ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಹೊಸ ಮಿಷನ್ನುಗಳನ್ನು ತೋರಿಸಿದರು. ಒಂದು ಮಿಷನ್ನಿನ ಮುಂದೆ ಸಣ್ಣ ವಯಸ್ಸಿನ ಹುಡುಗಿಯೊಬ್ಬಳು ಟ್ಯೂಬುಗಳನ್ನು ಜೋಡಿಸುತ್ತಿದ್ದಳು.

“ಇವ್ರು ಪೂನಮ. ಉಸ್ತುವಾರಿ ಇವ್ರಿಗೆ ಕೊಟ್ಟೀನಿ,” ಎಂದರು ಡಾಕ್ಟರು. “ಬೆಳಗಾವ್ಯಾಗ ಕಲತಾರ. ನಿಮ್ಮಷ್ಟ ಕೈ ಇಲ್ಲ ಬಿಡ್ರಿ, ಕಲೀತಾರ.”

ತ್ರಿಶಲಾ ಚಹಾದ ಕಪ್ಪನ್ನು ಕೆಳಗಿಟ್ಟಳು. “ನನಗ ಅಕ್ಷಯ ತದಿಗಿ ತನಕ ಟೈಮ್ ಕೊಟ್ಟಿದ್ರಲ್ರಿ ಸರ್.”

ಡಾಕ್ಟರು ಗಲಿಬಿಲಿಗೊಂಡರು. “ನಿಮ್ಮ ಮನಿಯವ್ರು ಫೋನ್ ಮಾಡಿದ್ರಲ್ರಿ, ದೀಪಾವಳಿ ಮುಗದ ಮ್ಯಾಗ. ನಿಮಗ ಗೊತ್ತಿಲ್ಲೇನ? ಅಕಿ ಬರೂದಿಲ್ರಿ, ಮನಿಯಾಗ ಇರೂದ ಅಕಿಗೆ ಖುಷಿ ಐತಿ, ನಿಮಗ ಹೇಳಾಕ ಸಂಕೋಚ ಪಡ್ತಾಳ ಅಂತ ನಾನ ಹೇಳಾಕತ್ತೀನಿ ಅಂದ್ರು.”

ಡಾಕ್ಟರು ವಾತಾವರಣ ತಿಳಿಮಾಡಲು ನೋಡಿದರು.

“ಭಾಳ ಚಲೋ ಮನಷ್ಯಾರ ಬಿಡ್ರಿ. ಫೋನ್ ಇಡಾಕ ಒಲ್ಯಾರ. ನೀವು ಬಾಬಾರನ್ನ ಹೆಂಗ ನೋಡ್ಕೋತೀರಿ, ನಿಮ್ಮ ಕೈ ಹೆಂಗ, ನೀವು ಇಲ್ದಿದ್ರ ಆ ಮನಿ ಏನಾಕ್ಕಿತ್ತು, ಎಲ್ಲಾ ಹೇಳಿದ್ರು. ಅರ್ಧಾ ತಾಸಿನ ಮ್ಯಾಲ ಮಾತಾಡಿರಬೇಕು. ಕಡೀಕ ನಾನ ಅಂದೆ, ಪರದೇಶದ ನಂಬರ್ರಿ ಸಾಹೇಬ್ರ, ಬಿಲ್ಲ ಭಾಳ ಬರತೈತಿ, ಇಡ್ರಿ ಅಂತ. ಬಂದ್ರ ಬರ್ಲಿ ಬಿಡ್ರಿ, ಇಂಥಾ ಮಾತಿಗೆ ರೊಕ್ಕದ ಮಾರಿ ನೋಡಿದ್ರ ಹೆಂಗ ಅಂದ್ರು.”

ನಿಪ್ಪಾಣಿಯಲ್ಲಿ ಬಾರದ ಅಳು ಈಗ ಬಂತು. ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ಗಂಡ ತನ್ನ ಬಗ್ಗೆ ಅಷ್ಟು ಮಾತು ಆಡಬಲ್ಲ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆಯಾದರೂ ಅವಳ ಕಿವಿಗೆ ಅವನು ಅದನ್ನು ಹೇಳಿರಲಿಲ್ಲ. ಪೂನಮ ಕೆಲಸ ನಿಲ್ಲಿಸಿ ನೋಡಿದಳು, ಆಮೇಲೆ ಸಂಕೋಚದಿಂದ ಬೇರೆ ಕೋಣೆಗೆ ಹೋದಳು.

ಡಾಕ್ಟರು ಅದನ್ನು ಗಂಡನ ನೆನಪಿನ ಅಳು ಎಂದುಕೊಂಡರು. ಅವರಿಗೂ ಕಣ್ಣು ತುಂಬಿ ಬಂತು.

“ಅಳಬ್ಯಾಡ್ರಿ,” ಎಂದರು ಮೆತ್ತಗೆ. “ಇನ್ನೇನ, ಸ್ವಲ್ಪ ದಿನಾ. ಬಂದಬಿಡ್ತಾರ.”

“ಬಂದಾರ್ರಿ ಸರ್,” ಎಂದಳು ತ್ರಿಶಲಾ. “ನಿಮಗ ಫೋನ್ ಮಾಡೂಕ್ಕಿಂತ ಮೊದಲ ಬಂದಿದ್ರು.”